ಕಾವಲಿಗೆ ಸಿಕ್ಕ ಕೈ

ಡಾಕ್ಟರ್ ಸರ್ಪಾಂಗ್ ಮ್ಯಾಂಚೆಸ್ಟರಿನಲ್ಲಿ ಓದಿ, ಅಲ್ಲಿಯೇ ಬಹುಕಾಲ ನೆಲೆಸಿ, ಹುಟ್ಟೂರು ಕುಮಾಸಿಗೆ ಮರಳುವಾಗ ಊರಿನ ಅಸಾಂಟೆ ಜನರಿಗಿಂತ ಒಂದು ಹಿಡಿ ಹೆಚ್ಚೇ ಅಸಾಂಟೆಯಾಗಿ ಮರಳಿದ್ದರು. ದೂರದ ಮಂಜಿನ ನಾಡಿನಲ್ಲಿ ಅವರ ನೆನಪಿನ ಭರಣಿಯೊಳಗೆ ಊರಿನ ಪದ್ಧತಿಗಳು ಉಪ್ಪಿನಲ್ಲಿ ನೆನೆದ ಮಿಡಿಗಳಂತೆ ಕೂತು ಖಾರವಾಗಿದ್ದವು. ಅವುಗಳಲ್ಲಿ ಒಂದು, ಯಜಮಾನನಾದವನು ಹೊರಗಿನವರೊಡನೆ ನೇರವಾಗಿ ಮಾತನಾಡಬಾರದು ಎಂಬುದು. ಅರಸ ಪಿಸುಗುಟ್ಟುತ್ತಾನೆ, ಅವನ ಬಾಯಾಗಿ ನಿಂತ ಓಚಿಯಾಮೆ ಅದನ್ನು ಸಭೆಗೆ ಕೇಳಿಸುತ್ತಾನೆ. ಅಸೋಕ್ವಾದಲ್ಲಿ ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೆರಳೆಣಿಕೆಯ ಜನರ ಕಂಪನಿ ನಡೆಸುವವರಿಗೆ ಓಚಿಯಾಮೆ ಏತಕ್ಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಬೇಕೆಂದರೂ ಓಚಿಯಾಮೆಯ ಮೂಲಕವೇ ಕೇಳಬೇಕಾಗಿತ್ತು.

ಆ ಬಾಯಿ ಅಮೊವಾಟೆಂಗ್ ಅವರದು. ಅರವತ್ತರ ಹೊಸ್ತಿಲಿನಲ್ಲಿದ್ದ ಎಂಜಿನಿಯರು; ಕಿರಿಯರಿಗೆಲ್ಲ ವೋಫಾ, ಎಂದರೆ ಸೋದರಮಾವ. ವಿಧಿಯ ಕುಚೋದ್ಯವೆಂದರೆ, ಈ ಬಾಯಿಯ ಕೆಲಸದಿಂದ ತಪ್ಪಿಸಿಕೊಳ್ಳಲೆಂದೇ ಅವರು ಎಂಜಿನಿಯರಾಗಿದ್ದರು. ಅವರ ಸ್ವಂತ ಸೋದರಮಾವ ಚಿಕ್ಕದೊಂದು ಊರಿನ ಅರಮನೆಯ ಓಚಿಯಾಮೆ. ಅಲ್ಲಿ ನಡೆಯುವುದು ಅಳಿಯಸಂತಾನ; ಮಾವನ ಕೈಯಲ್ಲಿದ್ದ, ಚಿನ್ನದ ತಗಡು ಹೊದ್ದ ಕೋಲು ಅಳಿಯನ ಕೈಗೇ ಬರಬೇಕಿತ್ತು. ಕೋಲಿನ ತುದಿಯಲ್ಲಿ ಮೇಜಿನ ಮುಂದೆ ಇಬ್ಬರ ಗೊಂಬೆಗಳಿದ್ದವು. ಒಬ್ಬ ಉಣ್ಣುತ್ತಿದ್ದ. ಇನ್ನೊಬ್ಬ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದ.

"ಊಟ ಒಡೆಯಂದು ಕಣೋ, ಹಸಿದವಂದಲ್ಲ," ಎಂದು ಮಾವ ಅದರ ಅರ್ಥ ಹೇಳಿದ್ದರು. "ಇನ್ನೊಂದು ತಿಳ್ಕೊ. ನಮ್ಮ ಬಾಯಿಂದ ಬಿದ್ದ ಮಾತು ಅರಸಂದೇ. ಸಭೇಲಿ ಕೂತು 'ನಾನು ಹಂಗಂದಿಲ್ಲ' ಅಂದೋನು ಆಮೇಲೆ ಅರಸನಾಗಿ ಉಳಿಯಲ್ಲ."

"ಮಾತು ಕೆಟ್ಟದಾಗಿದ್ರೆ?"

"ಕೆಟ್ಟ ಅರಸ ಅಂತ ಲೋಕದಲ್ಲಿಲ್ಲ. ಕೆಟ್ಟ ಓಚಿಯಾಮೆ ಅಂತ ಇರ್ತಾನೆ, ಅಷ್ಟೆ."

ಹುಡುಗ ಅಮೊವಾಟೆಂಗ್‌ಗೆ ಆ ನ್ಯಾಯ ಹಿಡಿಸಲಿಲ್ಲ. ಹೇಳಿದ್ದನ್ನು ಹೇಳಿದವನ ಹೆಸರಿನಲ್ಲಿಯೇ ಇಟ್ಟುಕೊಳ್ಳುವ ಯಂತ್ರಗಳ ಕಡೆಗೆ ಅವನು ಹೊರಟುಹೋದ. "ಕೋಲು ಬೇಡಾಂದ್ರೆ ಬಿಡು. ಬಾಯಿ ಹುಟ್ಟಿನಿಂದ ಬಂದಿರೋದು, ಅದನ್ನೆಲ್ಲಿ ಬಿಟ್ಟು ಹೋಗ್ತೀಯ?" ಎಂದಿದ್ದರು ಮಾವ. ಕೋಲು ಬೇರೊಬ್ಬ ಅಳಿಯನಿಗೆ ಹೋಯಿತು.

ಕಂಪನಿ ತಯಾರಿಸುತ್ತಿದ್ದುದು ಲಸಿಕೆಯ ಫ್ರಿಜ್ಜಿಗೆ ತಗುಲಿಸುವ ಪುಟ್ಟ ಪೆಟ್ಟಿಗೆಯನ್ನು. ಫ್ರಿಜ್ಜಿನೊಳಗೆ ಇಳಿಬಿಟ್ಟ ಕಡ್ಡಿಯೊಂದು ತಂಪನ್ನು ಅಳೆಯುತ್ತಿತ್ತು. ತಂಪು ತಪ್ಪಿದರೆ ಪೆಟ್ಟಿಗೆ ಕೂಗುತ್ತಿತ್ತು. ಅದರ ತಂತ್ರಾಂಶದ ತಳದಲ್ಲಿ, ಎಲ್ಲರ ಮೇಲೂ ಆಳ್ವಿಕೆ ನಡೆಸುವ ಕರ್ನಲ್ ಇತ್ತು. ಈ ಕರ್ನಲ್ಲಿಗೆ ಆಗಾಗ ಮೂರ್ಛೆ ಬರತೊಡಗಿತು. ಉತ್ತರದ ಒಣನಾಡಿನ ಆರೋಗ್ಯ ಕೇಂದ್ರಗಳಲ್ಲಿ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಕಣ್ಣು ಮುಚ್ಚುತ್ತಿದ್ದವು. ಅಲ್ಲಿನ ಲಸಿಕೆ ದಾಸ್ತಾನಿನ ಮೇಲ್ವಿಚಾರಕಿ ಹಜಿಯಾ ರಮಾತು, ಕಾರಣ ಯಾವುದು, ಯಾರಿಂದ, ಎಂದು ಮುಖಾಮುಖಿ ಕೇಳಿ ತಿಳಿಯದೆ ಇನ್ನೊಂದು ಪೆಟ್ಟಿಗೆಯನ್ನೂ ಮುಟ್ಟುವುದಿಲ್ಲವೆಂದೂ, ಶುಕ್ರವಾರ ತಾವೇ ಬರುವುದಾಗಿಯೂ ತಿಳಿಸಿದ್ದರು.

ಮೂರ್ಛೆ ಹೋದ ಪೆಟ್ಟಿಗೆಯ ಮೆಮೊರಿಯನ್ನು ಬಗೆದು ನೋಡಿದಾಗ ಕಂಡದ್ದು ವಿಚಿತ್ರವಾಗಿತ್ತು. ಕರ್ನಲ್ ತನ್ನ ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ವಿಳಾಸ ಬರೆದುಕೊಂಡಿದ್ದ ಜಾಗದಲ್ಲಿ, ವಿಳಾಸದ ಬದಲು, ಫ್ರಿಜ್ಜಿನ ಹಳೆಯ ತಂಪಿನ ಅಂಕಿ ಕುಳಿತಿತ್ತು. ಮನೆಯ ನಂಬರಿರಬೇಕಾದ ಕಡೆ ಯಾರೋ ನಿನ್ನೆಯ ಚಳಿಯನ್ನು ಬರೆದುಹೋದಂತೆ.

"ತಂಪು ಅಳೆಯೋ ಭಾಗ ಬರೆದೋರು ಯಾರು?" ಎಂದು ಡಾಕ್ಟರು ಕೇಳಿದರು. ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

"ನಾನೇ, ಡಾಕ್," ಎಂದಳು ಪೋಕುವಾ.

ಪೋಕುವಾ ಕಂಪನಿಗೆ ಸೇರಿ ಎರಡು ಮಳೆಗಾಲ ಕಳೆದಿತ್ತು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ತಮ್ಮಂದಿರಿಬ್ಬರ ಓದು ಅವಳ ಸಂಬಳದ ಮೇಲೆ ನಿಂತಿತ್ತು. ಅದಕ್ಕಿಂತ ಮಿಗಿಲಾಗಿ, ಕುಮಾಸಿಯಲ್ಲಿ ಕರ್ನಲ್ಲಿನ ಕೆಲಸ ಕೊಡುವ ಬೇರೆ ಮಹಡಿಯೇ ಇರಲಿಲ್ಲ. ಇಲ್ಲಿಂದ ಕೆಟ್ಟ ಹೆಸರು ಹೊತ್ತು ಇಳಿದವಳಿಗೆ ಮತ್ತೆ ಹತ್ತಲು ಮೆಟ್ಟಿಲಿರಲಿಲ್ಲ.

"ನನ್ನದೇ ತಪ್ಪಿದ್ರೆ ಹಿಡಿದು ತೋರ್ಸಿ," ಎಂದಳು. "ಸುಮ್ನೆ ಅನುಮಾನದ ಮೇಲೆ ಬೈಸ್ಕೊಳೋಕೆ ನಾನೇನು ಸವತಿ ಮಗಳಾ? ಮೂರ್ಛೆ ಬರಿಸೋ ದಾರೀನೂ ನಾನೇ ಕಂಡುಹಿಡಿದಿದೀನಿ. ಕರೆಂಟು ಹೋಗಿ ಬಂದ್ರೆ ಕಡ್ಡಿ ಒಂದ್ಸಲ ಸತ್ತು ಹುಟ್ಟುತ್ತೆ. ಅದಾದ ಸ್ವಲ್ಪ ಹೊತ್ತಿಗೆ ಬೀಳುತ್ತೆ ಪೆಟ್ಟಿಗೆ. ಪ್ರತಿ ಸಲ ಅದೇ ಜಾಗಾನೇ ಹಾಳಾಗೋದು."

"ಕರೆಂಟು ಹೋಗೋಕೆ ನಮ್ಮೂರಲ್ಲಿ ಕಾಯ್ಬೇಕಾಗಿಲ್ಲ," ಎಂದರು ಅಮೊವಾಟೆಂಗ್. "ಜಾಗ ಒಂದೇ ಆದ್ರೆ ಕಾವಲು ಕೂರಿಸ್ಬೋದು, ತಾಯಿ."

"ಕೂರ್ಸಿ, ವೋಫಾ. ಇವತ್ತೇ ಕೂರ್ಸಿ."

ಹೀಗೆ ಬೋನನ್ನು ಬೇಡಿ ತರಿಸಿಕೊಂಡವಳು ಪೋಕುವಾಳೇ.

ಪ್ರೊಸೆಸರಿನ ಒಡಲಿನಲ್ಲಿಯೇ ನಾಲ್ಕು ಗೂಡುಗಳಿರುತ್ತವೆ. ಮೆಮೊರಿಯ ಯಾವ ಜಾಗದ ಮೇಲೆ ಕಣ್ಣಿಡಬೇಕೋ ಅದರ ವಿಳಾಸವನ್ನು ಆ ಗೂಡಿನಲ್ಲಿ ಬರೆದಿಟ್ಟರೆ ಸಾಕು. ಮುಂದೆ ಆ ಜಾಗವನ್ನು ಯಾರೇ ತಿದ್ದಲಿ, ಮಂತ್ರಿಯೇ ಆಗಲಿ, ಮಾಲಿಯೇ ಆಗಲಿ, ಯಂತ್ರ ತಟ್ಟನೆ ನಿಂತು, ಮುಟ್ಟಿದ ಕೈ ಯಾರದೆಂದು ಹೇಳಿಬಿಡುತ್ತದೆ. ಇದಕ್ಕೆ ವಾಚ್‌ಪಾಯಿಂಟ್ ಎನ್ನುತ್ತಾರೆ. ತಂತ್ರಾಂಶದ ಕಾವಲುಗಾರರಂತೆ ಇದು ಬಾಗಿಲಿಂದ ಬಾಗಿಲಿಗೆ ಅಲೆದು ತೂಕಡಿಸುವುದಿಲ್ಲ. ಲಂಚವಿಲ್ಲದ, ಪದೋನ್ನತಿಯ ಆಸೆಯಿಲ್ಲದ ಕಾವಲು. ಅಮೊವಾಟೆಂಗ್ ಅವರ ಬಾಳಿನ ಪ್ರೀತಿಯಲ್ಲಿ ದೊಡ್ಡದೊಂದು ಪಾಲು ಈ ನಾಲ್ಕು ಗೂಡುಗಳಿಗೆ ಸಂದಿತ್ತು. ಜಗತ್ತಿನಲ್ಲಿ ಕರ್ತೃವಿಲ್ಲದ ಕರ್ಮವೊಂದು ನಡೆಯಲಾರದ ಜಾಗಗಳು ನಾಲ್ಕಾದರೂ ಇವೆಯಲ್ಲ ಎಂದು ಅವರಿಗೆ ಸಮಾಧಾನ.

ಗೂಡಿನಲ್ಲಿ ವಿಳಾಸ ಬರೆದರು. ಪೋಕುವಾ ಪ್ಲಗ್ ಕಿತ್ತು ಮತ್ತೆ ಚುಚ್ಚಿದಳು. ಕೆಳಗಿನ ಅಂಗಡಿಯಲ್ಲಿ ಟಯರಿಗೆ ಗಾಳಿ ತುಂಬುವ ಸದ್ದು. ಡಾಕ್ಟರು ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು. ಯಂತ್ರ ನಿಂತಿತು. ಪರದೆಯ ಮೇಲೆ ಒಂದೇ ಹೆಸರು ಮೂಡಿತು: ಕಾಯಾಯೋ.

ಕೆಜೇಟಿಯಾ ಮಾರುಕಟ್ಟೆಯಲ್ಲಿ ತಲೆಯ ಮೇಲೆ ಬೋಗುಣಿಯಿಟ್ಟು ಪರರ ಹೊರೆ ಹೊರುವ ಹೆಂಗಸರಿಗೆ ಆ ಹೆಸರು. ಮೆಮೊರಿಯ ಒಂದೆಡೆಯಿಂದ ಇನ್ನೊಂದೆಡೆಗೆ ಅಂಕಿಗಳನ್ನು ಹೊತ್ತು ಹಾಕುವ ಚಿಕ್ಕದೊಂದು ಭಾಗಕ್ಕೆ ಪೋಕುವಾ ಆ ಹೆಸರನ್ನಿಟ್ಟಿದ್ದಳು. ಬರೆದವಳೂ ಅವಳೇ.

"ಇನ್ನೇನು ಬೇಕು?" ಎಂದರು ಡಾಕ್ಟರು. "ಕೈ ಸಿಕ್ತು."

ಡಾಕ್ಟರು ಅಮೊವಾಟೆಂಗ್‌ರ ಕಿವಿಯ ಕಡೆಗೆ ಬಾಗಿದರು. ಪೋಕುವಾ ಎದುರಿನಲ್ಲಿಯೇ, ಒಂದು ಮಾರು ದೂರದಲ್ಲಿ ನಿಂತಿದ್ದಳು. ಅಮೊವಾಟೆಂಗ್ ಕೇಳಿಸಿಕೊಂಡು, ಗಂಟಲು ಸರಿಪಡಿಸಿಕೊಂಡು ನುಡಿದರು:

"ಡಾಕ್ಟರು ಹೇಳ್ತಾರೆ, ಶುಕ್ರವಾರದವರೆಗೂ ನೀನು ಬರ್ಬೋದು."

"ಆಮೇಲೆ?"

ಡಾಕ್ಟರು ಇನ್ನೊಮ್ಮೆ ಬಾಗಲಿಲ್ಲ.

ಮರುದಿನ ಬೆಳಿಗ್ಗೆ ಅಮೊವಾಟೆಂಗ್ ಎಲ್ಲರಿಗಿಂತ ಮೊದಲೇ ಬಂದು ಕುಳಿತರು. ಅವರನ್ನು ಕಾಡುತ್ತಿದ್ದುದು ಹೊರೆಯವಳ ಹೆಸರು. ಮಾರುಕಟ್ಟೆಯಲ್ಲಿ ಕದ್ದ ಗೆಣಸಿನ ಮೂಟೆ ಸಿಕ್ಕಿದರೆ ಹೊತ್ತವಳ ಕೈ ಹಿಡಿಯುವುದು ಸುಲಭ; ಅವಳ ತಲೆಯ ಮೇಲೆಯೇ ಇರುತ್ತದಲ್ಲ ಮೂಟೆ. ಹೊರಿಸಿದವನು ಆಗಲೇ ಬಾಳೆಹಣ್ಣು ಸುಲಿಯುತ್ತ ಬೇರೆ ಸಾಲಿನಲ್ಲಿ ನಿಂತಿರುತ್ತಾನೆ. ಅರಮನೆಯ ಸಭೆಗೆ ಕರೆದೊಯ್ಯುವಾಗ ಮಾವ ಹೇಳುತ್ತಿದ್ದರು: ನನ್ನ ಬಾಯಿ ನೋಡ್ಬೇಡ, ಅದಕ್ಕೆ ಮುಂಚೆ ನನ್ನ ಕಿವಿ ಹತ್ರ ಯಾರ ತುಟಿ ಅಲ್ಲಾಡ್ತು ನೋಡು.

ವಾಚ್‌ಪಾಯಿಂಟ್ ಕೂಡ ಕಿವಿಯ ಬಳಿಯ ತುಟಿಯನ್ನು ತೋರಿಸಬಲ್ಲದು. ಮುಟ್ಟಿದ ಕೈಯನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಒಂದರ ಹಿಂದೊಂದು ಹೆಸರಿನ ಸರಪಳಿ ಅದರ ಬಳಿ ಇರುತ್ತದೆ. ಆದರೆ ಈ ಕಂಪನಿಯ ಪೆಟ್ಟಿಗೆಗಳಲ್ಲಿ ಆ ಸರಪಳಿಯನ್ನು ಬಹಳ ಹಿಂದೆಯೇ ಮುಚ್ಚಲಾಗಿತ್ತು. ವರದಿ ಚಿಕ್ಕದಾಗಿರಬೇಕು, ಒಂದೇ ಹೆಸರು ಸಾಕು, ಎಂದು ಡಾಕ್ಟರ ಅಪ್ಪಣೆಯಾಗಿತ್ತು. ಅಮೊವಾಟೆಂಗ್ ಅದನ್ನು ತೆರೆದು, ಪ್ಲಗ್ ಕಿತ್ತು, ಮತ್ತೆ ಚುಚ್ಚಿದರು.

ಕಾಯಾಯೋ. ಅದರ ಕೆಳಗೆ, ಅವಳಿಗೆ ಹೊರೆ ಹೊರಿಸಿದವನ ಹೆಸರು: ಹಿರಿಯ.

ಅಮೊವಾಟೆಂಗ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಹೆಸರು ಬದಲಾಗಲಿಲ್ಲ.

'ಹಿರಿಯ' ಎಂಬುದು ಡಾಕ್ಟರು ಸ್ವಹಸ್ತದಿಂದ ಬರೆದ ಏಕೈಕ ಭಾಗ. ಕಂಪನಿಯ ಮೊದಲ ದಿನಗಳಲ್ಲಿ ಬರೆದದ್ದು. ಅಂದಿನಿಂದ ಅದನ್ನು ಯಾರೂ ತೆರೆದಿರಲಿಲ್ಲ, ಪೂರ್ವಜರ ಪೀಠಗಳಿರುವ ಕೋಣೆಯನ್ನು ಕಂಡವರೆಲ್ಲ ತೆರೆಯುವುದುಂಟೇ? ಅದರ ಕೆಲಸ ಮೆಮೊರಿಯನ್ನು ಕಾಯುವುದು. ತಂಪಿನ ಅಂಕಿ ಇರುವ ಜಾಗವನ್ನು ಅದು ಗುರುತಿಟ್ಟುಕೊಳ್ಳುತ್ತದೆ; ಅಂಕಿಯ ನಕಲೊಂದನ್ನು ಮಡಿಲಲ್ಲಿ ಕಟ್ಟಿಕೊಳ್ಳುತ್ತದೆ; ಆಗಾಗ ಸುತ್ತು ಬಂದು, ಅಲ್ಲಿ ಯಾವುದೋ ಅನ್ಯವಸ್ತು ಕಂಡರೆ, 'ಕೆಡಿಸಿದ್ದಾರೆ' ಎಂದು ಹಳೆಯದನ್ನು ಮತ್ತೆ ಇರಿಸುತ್ತದೆ. ಮೆಮೊರಿ ಕೆಡದಿರಲೆಂದು ಹುಟ್ಟಿದ ಕಾವಲುಗಾರ.

ಆದರೆ ಕರೆಂಟು ಹೋಗಿ ಬಂದಾಗ ಕಡ್ಡಿ ಹೊಸದಾಗಿ ಹುಟ್ಟಿ ಬೇರೆ ಜಾಗ ಹಿಡಿಯುತ್ತದೆ. ಬಿಟ್ಟ ಜಾಗವನ್ನು ಕರ್ನಲ್ ತನ್ನ ವಿಳಾಸ ಬರೆದುಕೊಳ್ಳಲು ತೆಗೆದುಕೊಳ್ಳುತ್ತದೆ. ಹಿರಿಯನಿಗೆ ಇದನ್ನು ತಿಳಿಸುವವರಿಲ್ಲ. ವಠಾರದಲ್ಲಿ ಬಾಡಿಗೆದಾರ ಖಾಲಿ ಮಾಡಿ ಹೋದದ್ದನ್ನು ಅರಿಯದ ಮುದುಕನೊಬ್ಬ, ಆ ಕೋಣೆಯಲ್ಲಿ ಹೊಸ ಸಂಸಾರದ ಒಲೆ ಕಂಡು ಸಿಡುಕಿ, ಒಲೆಯನ್ನು ಎತ್ತಿ ಬಿಸಾಡಿ, ಹೊರೆಯವಳನ್ನು ಕರೆದು ಹಳಬನ ಮಂಚವನ್ನು ತಂದು ಹಾಕಿಸಿದ ಹಾಗೆ. ಮುದುಕನಿಗೆ ಮನೆ ಕಾಯ್ದ ತೃಪ್ತಿ. ಮನೆಗೆ ಬೆಂಕಿ.

ಅಮೊವಾಟೆಂಗ್‌ರಿಗೆ ನಗು ಬಂತು. ನಗುವಿನ ಬೆನ್ನಿಗೆ ಬೇರೊಂದು ಬಂದು ಕೂತಿತು. ಹಳೆಯದೆಲ್ಲವೂ ಅದರದರ ಜಾಗದಲ್ಲಿಯೇ ಇರಲೆಂದು ಬಯಸುವುದು ಅವರಿಗೂ ಅಪರಿಚಿತವಲ್ಲ.

ಡಾಕ್ಟರು ಬಂದೊಡನೆ ಅವರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಕಾಗದದಲ್ಲಿ ಬರೆದು ತಂದ ಸರಪಳಿಯನ್ನು ತೋರಿಸಿದರು. ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು.

"ಮುಟ್ಟಿದ್ದು ಕಾಯಾಯೋನೇ ತಾನೆ?"

"ಹೌದು. ಹೊರಿಸಿದ್ದು ಹಿರಿಯ."

"ಮುಟ್ಟಿದ್ದು ಯಾರು ಅಂತಷ್ಟೇ ನಾನು ಕೇಳಿದ್ದು."

"ಡಾಕ್ಟ್ರೇ, ಆ ಹುಡುಗಿ ಮುಳುಗಿ ಹೋಗ್ತಾಳೆ."

"ಅಮೊವಾಟೆಂಗ್, ಕೂತ್ಕೊಳಿ." ಡಾಕ್ಟರು ದನಿ ತಗ್ಗಿಸಿದರು. ಅವರು ದುಷ್ಟರಲ್ಲ, ಹೆದರಿದ್ದರು, ಮತ್ತು ಹೆದರಿಕೆಗೆ ತತ್ತ್ವದ ಬಟ್ಟೆ ತೊಡಿಸಬಲ್ಲಷ್ಟು ಓದಿದ್ದರು. "ಹುಡುಗಿ ಹೋದ್ರೆ ಒಬ್ಳು ಹೋಗ್ತಾಳೆ. ನನ್ನ ಕೈ ತಪ್ಪಿದೆ ಅಂತ ಹಜಿಯಾಗೆ ಗೊತ್ತಾದ್ರೆ ಕಂಪನೀನೇ ಹೋಗುತ್ತೆ. ನೀವು, ನಾನು, ಎಲ್ರೂ. ಅವಳೂ ಹೋಗ್ತಾಳೆ ಹೇಗಿದ್ರೂ! ಲೆಕ್ಕ ಹಾಕಿ ನೋಡಿ. ಕೆಟ್ಟ ಅರಸ ಅಂತ ಇರಲ್ಲ, ನಮ್ಮ ಹಿರಿಯರು ಸುಮ್ನೆ ಹೇಳಿದಾರಾ?"

"ಮುಂದಿನ ಅರ್ಧಾನೂ ಹೇಳಿದಾರೆ."

"ಅದು ನಿಮಗೆ ಗೊತ್ತಿರೋದೇ ಒಳ್ಳೇದು," ಎಂದರು ಡಾಕ್ಟರು.

ಅಮೊವಾಟೆಂಗ್ ಹೊರಗೆ ಬಂದಾಗ ಪೋಕುವಾ ತನ್ನ ಮೇಜಿನ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳ ಹಿಂದೆ, ಸರಪಳಿಯ ಹೆಸರುಗಳು ಇನ್ನೂ ಬೆಳಗುತ್ತಿದ್ದ ಪರದೆಯನ್ನು ಅವಳು ಆಗಲೇ ಓದಿದ್ದಳೆಂಬುದು ಕಣ್ಣಿನಲ್ಲಿತ್ತು.

"ಕಿವುಡ ಡಾಕ್ಟರ ಹತ್ರ ನ್ಯಾಯ ಕೇಳೋಕೆ ಹೋಗಿದ್ರಾ, ವೋಫಾ?"

"ಹೋಗಿದ್ದೆ."

"ಏನಂದ?"

"ಏನೂ ಅನ್ಲಿಲ್ಲ. ನನಗೆ ಗಾದೆ ಹೇಳಿಕೊಟ್ರು."

"ಹಜಿಯಾಗೆ ನಾನೇ ಹೇಳ್ತೀನಿ."

"ಹೇಳು. ಮುಟ್ಟಿದ್ದು ನನ್ನ ಕೈಯಲ್ಲ ಅಂತ ಸಿಕ್ಕಿಬಿದ್ದೋರೆಲ್ಲ ಹೇಳ್ತಾರೆ. ಅವರು ನಂಬ್ತಾರಾ?"

ಅವಳು ಅವರನ್ನೇ ದಿಟ್ಟಿಸಿದಳು. "ಹಾಗಾದ್ರೆ ನೀವು ಹೇಳಿ."

"ನನ್ನ ಬಾಯಿ ನಂದಲ್ವಲ್ಲೇ, ತಾಯಿ," ಎಂದರು ಅಮೊವಾಟೆಂಗ್. ಹೇಳಿದ ಮೇಲೆ ಆ ಮಾತು ಅವರಿಗೇ ಹೊಸದಾಗಿ ಕೇಳಿಸಿತು. ತಿರುಗಿ ತಮ್ಮ ಮೇಜಿಗೆ ಹೋದರು.

ಶುಕ್ರವಾರ ಡಾಕ್ಟರು ಅರಸರು ಉಡುವ ಕೆಂಟೆ ವಸ್ತ್ರವನ್ನು ಹೆಗಲಿನಿಂದ ಇಳಿಬಿಟ್ಟು, ಬಲತೋಳು ಬತ್ತಲಾಗಿ, ದೊಡ್ಡ ಕುರ್ಚಿಯಲ್ಲಿ ಆಸೀನರಾಗಿದ್ದರು. ಹಜಿಯಾ ರಮಾತು ಬಂದು, ಬಲದಿಂದ ಎಡಕ್ಕೆ ಕ್ರಮವಾಗಿ ಎಲ್ಲರ ಕೈ ಕುಲುಕಿ, ಬಾಗಿಲ ಬಳಿ ತನ್ನ ರಟ್ಟಿನ ಪೆಟ್ಟಿಗೆಯೊಡನೆ ನಿಂತಿದ್ದ ಪೋಕುವಾಳ ಕೈಯನ್ನೂ ಕುಲುಕಿ, ಕುಳಿತರು. ಬಹುಕಾಲ ದಾದಿಯಾಗಿದ್ದ ಹೆಂಗಸು. ಎಂಥ ಜ್ವರವನ್ನೂ ಮುಟ್ಟದೆಯೇ ಅಳೆಯುವ ನೋಟ. ನೀರು ಕೊಟ್ಟರು, ಕುಡಿದರು. ದಾರಿಯ ಕುಶಲ ಕೇಳಿದ್ದಾಯಿತು.

"ನಂದು ಒಂದೇ ಪ್ರಶ್ನೆ," ಎಂದರು ಹಜಿಯಾ. "ಬಿಸಿಲಲ್ಲಿ ನಮ್ಮ ಹುಡುಗೀರು ಮೋಟಾರು ಸೈಕಲ್ಲಲ್ಲಿ ಲಸಿಕೆ ತಗೊಂಡು ಹೋಗ್ತಾರೆ. ನಿಮ್ಮ ಪೆಟ್ಟಿಗೆ ನೋಡಿದ್ರೆ ನಿದ್ದೆ ಹೊಡೀತಿರುತ್ತೆ. ಯಾಕೆ? ಯಾರಿಂದ?"

ಡಾಕ್ಟರು ಪಕ್ಕಕ್ಕೆ ಬಾಗಿ ಅಮೊವಾಟೆಂಗ್‌ರ ಕಿವಿಯಲ್ಲಿ ಎರಡೇ ಮಾತು ಹೇಳಿದರು: "ಪೋಕುವಾ. ತೆಗೆದಾಯ್ತು."

ಅಮೊವಾಟೆಂಗ್ ಎದ್ದು ನಿಂತರು. ಕೈಯಲ್ಲಿ ಕೋಲಿರಲಿಲ್ಲ, ಹಿಡಿದುಕೊಳ್ಳಲು ಏನಾದರೂ ಬೇಕೆನ್ನಿಸಿ ಕುರ್ಚಿಯ ಬೆನ್ನು ಹಿಡಿದರು. ಎಂದೋ ಸತ್ತ ಮಾವನ ದನಿ ಅವರ ಗಂಟಲಿನಲ್ಲಿ, ತಾನು ಖಾಲಿ ಮಾಡಿದ ಕೋಣೆಗೆ ಮರಳಿದ ಬಾಡಿಗೆದಾರನಂತೆ, ನಿಧಾನವಾಗಿ ಬಂದು ಕುಳಿತಿತು.

"ಹಜಿಯಾ, ಕೇಳ್ಬೇಕು. ನಮ್ಮ ಡಾಕ್ಟರು ಹೇಳ್ತಾರೆ: ಮನೆಗೆ ಬಂದ ಹಿರಿಯರ ಮುಂದೆ ಮುಚ್ಚುಮರೆ ಮಾಡಿದೋನು ಆ ಮನೇಲಿ ಕೂತು ಉಣ್ಬಾರ್ದು. ಪೆಟ್ಟಿಗೆ ಮೂರ್ಛೆ ಹೋಗ್ತಿದ್ದದ್ದು ನಿಜ. ಕೈ ಯಾರದು ಅಂತ ಕಾವಲಿಟ್ಟು ನೋಡಿದ್ವಿ. ಸಿಕ್ಕಿದ್ದು ಒಂದು ಹೊರೆ ಹೊರೋ ಕೈ. ಬೇರೆ ಯಾರೇ ಆಗಿದ್ರೂ ಅಲ್ಲಿಗೇ ಮುಗಿಸ್ತಿದ್ರು. ಆದ್ರೆ ಡಾಕ್ಟರು ಹೇಳ್ತಾರೆ: ಹೊರೆಯವಳನ್ನ ಹೊಡೆದು ಕಳಿಸೋದು ನಮ್ಮ ಕುಲದಲ್ಲಿಲ್ಲ. ಹೊರಿಸಿದೋರ್ಯಾರು ಅಂತ ಹುಡುಕಿಸಿದ್ರು. ಹೊರಿಸಿದ್ದು ಡಾಕ್ಟರು ಕಂಪನಿ ಶುರು ಮಾಡ್ದಾಗ ತಾವೇ ಬರೆದಿದ್ದ ಭಾಗ. ತಪ್ಪು ನಂದೇ, ಅಂತ ಡಾಕ್ಟರು ಹೇಳ್ತಾರೆ. ಅದನ್ನ ಕಿತ್ತು ಸರಿ ಮಾಡೋ ಕೆಲಸಾನ, ಮೂರ್ಛೆ ದಾರಿ ಕಂಡುಹಿಡಿದ ಪೋಕುವಾಗೇ ವಹಿಸಿದೀನಿ, ಅಂತಾನೂ ಹೇಳ್ತಾರೆ. ಅಗೋ, ಸಾಮಾನು ಸಮೇತ ಹೊಸ ಮೇಜಿಗೆ ಹೋಗೋಕೆ ನಿಂತಿದಾಳೆ."

ಕೆಳಗಿನ ಅಂಗಡಿಯಲ್ಲಿ ಗಾಳಿಯ ಯಂತ್ರ ನಿಂತಿತು. ಡಾಕ್ಟರ ಬತ್ತಲೆ ತೋಳಿನ ಮೇಲೆ ರೋಮವೆದ್ದಿತ್ತು. ಅವರು ಬಾಯಿ ತೆರೆದರು. ಸಭೆ ಅವರನ್ನು ನೋಡುತ್ತಿತ್ತು. 'ನಾನು ಹಾಗಂದಿಲ್ಲ' ಎಂಬ ಒಂದು ಮಾತು ಸಾಕಾಗಿತ್ತು. ಆದರೆ ಅದನ್ನು ಆಡಿದ ಮರುಕ್ಷಣ ಆ ಕುರ್ಚಿ ಬರಿಯ ಕುರ್ಚಿ, ಆ ವಸ್ತ್ರ ಬರಿಯ ಬಟ್ಟೆ. ಬಾಯಿ ಮುಚ್ಚಿದರು.

ಹಜಿಯಾ ಅಮೊವಾಟೆಂಗ್‌ರನ್ನು ಮೇಲಿಂದ ಕೆಳಗೆ ಅಳೆದರು. "ಅವರು ಹೇಳಿದ್ದು ಎರಡು ಮಾತು. ನೀವು ಬಡಿಸಿದ್ದು ಒಂದು ಬೋಗುಣಿ."

"ದೊಡ್ಡೋರ ಮಾತು ಅಕ್ಕಿ ಇದ್ದಂಗೆ, ಹಜಿಯಾ. ಬೇಯ್ಸಿದ್ರೆ ಅರಳುತ್ತೆ."

ಹಜಿಯಾರ ತುಟಿಯ ಅಂಚು ಅಲುಗಿತು. ಎದ್ದು, ಡಾಕ್ಟರ ಮುಂದೆ ಹೋಗಿ, ಮಂಡಿ ತುಸು ಬಾಗಿಸಿದರು. "ಎಷ್ಟೋ ಕಂಪನಿಯೋರನ್ನ ನೋಡಿದೀನಿ. ತಪ್ಪು ನಂದು ಅಂದ ಯಜಮಾನನ್ನ ಇವತ್ತೇ ನೋಡಿದ್ದು. ತಪ್ಪು ಎಲ್ಲಿದೆ ಅಂತ ಗೊತ್ತಿರೋರ ಪೆಟ್ಟಿಗೆ ಸಾಕು ನಂಗೆ. ಸರಿ ಮಾಡಿ ಕಳ್ಸಿ. ಇನ್ನೂ ಬೇಕು ನಮ್ಗೆ."

ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಡಾಕ್ಟರ ಮುಖಕ್ಕೆ ರಕ್ತ ಮರಳಿತ್ತು, ಬೆನ್ನು ನೆಟ್ಟಗಾಗಿತ್ತು. ಕಂಪನಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಅವರು ಅತಿಥಿಯೊಡನೆ ನೇರವಾಗಿ ಮಾತನಾಡಿದರು.

"ಹುಡುಕೋದು ಅಷ್ಟು ಸುಲಭ ಇರ್ಲಿಲ್ಲ, ಹಜಿಯಾ," ಎಂದರು.

ಮಧ್ಯಾಹ್ನ ಒಳಕೋಣೆಯಲ್ಲಿ ಮೇಜಿಗೆ ಬಟ್ಟೆ ಹಾಸಿ ಫುಫು ಮುದ್ದೆ, ಆಡಿನ ಸಾರು ಬಡಿಸಿದ್ದರು. ಕುರ್ಚಿಗಳು ಎರಡೇ. ಹಜಿಯಾ, ಡಾಕ್ಟರು. ಬಾಗಿಲ ಬಳಿ ಪೋಕುವಾ ಅಮೊವಾಟೆಂಗ್‌ರ ತೋಳು ಹಿಡಿದು ನಿಲ್ಲಿಸಿದಳು.

"ಹುಡುಕಿದ್ದು ನೀವು, ವೋಫಾ! ಹೊಗಳಿಕೆ ಎಲ್ಲಾ ಆ ಮನುಷ್ಯ ನುಂಗ್ತಿದಾನೆ. ನಿಮಗೆ ಹೊಟ್ಟೆ ಉರಿಯಲ್ವಾ?"

"ಉರೀತಿದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನೀನು ಹೋಗಿ ಪೆಟ್ಟಿಗೇಲಿರೋ ಆ ಮುದುಕನ್ನ ಕಿತ್ತು ಹಾಕು, ಹೋಗು."

ಒಳಗಿನಿಂದ ಡಾಕ್ಟರು ಕರೆದರು. ಅತಿಥಿ ಏನೋ ಕೇಳುತ್ತಿದ್ದರು; ಬಾಯಿ ಬೇಕಾಗಿತ್ತು. ಅಮೊವಾಟೆಂಗ್ ಹೋಗಿ ಕುರ್ಚಿಯ ಬಲಕ್ಕೆ ನಿಂತರು. ಡಾಕ್ಟರು ಸಾರಿನ ಬೆರಳನ್ನು ನೆಕ್ಕಿ, ಅವರ ಕಿವಿಯ ಕಡೆಗೆ ಬಾಗಿದರು. ಏನು ಬೀಳುವುದೋ ಎಂದು ಅಮೊವಾಟೆಂಗ್ ಮೈ ಬಿಗಿ ಹಿಡಿದರು.

"ಮುಂದಿನ ಸಲ," ಎಂದು ಡಾಕ್ಟರು ಪಿಸುಗುಟ್ಟಿದರು, "ನಾನು ಏನು ಹೇಳ್ತೀನಿ ಅನ್ನೋದನ್ನ ನನಗೊಂದು ಮಾತು ಮೊದ್ಲೇ ತಿಳ್ಸಿ."

"ಏನಂತಾರೆ?" ಎಂದರು ಹಜಿಯಾ, ತುತ್ತು ಮುರಿಯುತ್ತ.

"ಸಾರು ಚೆನ್ನಾಗಿದೆ, ಇನ್ನೊಂಚೂರು ಹಾಕಿಸ್ಕೊಳ್ಳಿ ಅಂತಾರೆ," ಎಂದರು ಅಮೊವಾಟೆಂಗ್.

ಬಟ್ಟಲಿನಿಂದ ಆವಿಯೇಳುತ್ತಿತ್ತು. ಡಾಕ್ಟರು ಉಣ್ಣುತ್ತಿದ್ದರು. ತಮಗರಿವಿಲ್ಲದೆಯೇ ಅಮೊವಾಟೆಂಗ್‌ರ ಬಲಗೈ ಮೆಲ್ಲಗೆ ಏರಿ ಹೊಟ್ಟೆಯ ಮೇಲೆ ಕುಳಿತು, ಅಲ್ಲಿಯೇ ನಿಂತಿತು, ತನ್ನ ಜಾಗ ಅದಕ್ಕೆ ಬಹಳ ಹಿಂದಿನಿಂದಲೂ ಗೊತ್ತಿದ್ದಂತೆ.